ಅಜ್ಜಿಯ ಕುಶಾಲು ಪದಗಳನ್ನು ಕತೆಗೆ ತರುವುದು ಹೇಗೆ: ಕಾಸರಗೋಡಿನ ಬರಹಗಾರರಿಗೆ ಸಮಗ್ರ ಮಾರ್ಗದರ್ಶಿ

ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಯ ಹೊಸ ಬರಹಗಾರರು ತಮ್ಮ ಕತೆಗಳನ್ನು ಓದಲು ಕೊಟ್ಟಾಗಲೆಲ್ಲ ನನಗೆ ಎದುರಾಗುವುದು ಒಬ್ಬಳೇ ಅಜ್ಜಿ. ಅವಳು ಜಗಲಿಯಲ್ಲಿ ಕಾಲು ಚಾಚಿ ಕೂತು ಲೊಟ್ಟೆ, ಗಮ್ಮತ್ತು, ಪಟ್ಟಾಂಗ, ಪಿರ್ಕಿ, ಮಂಡೆ ಬೆಚ್ಚ ಎಂದು ಒಂದೇ ಉಸಿರಿಗೆ ಐದಾರು ಪದ ಉದುರಿಸುತ್ತಾಳೆ. ಪ್ರತಿ ಪದದ ಪಕ್ಕದಲ್ಲಿ ಆವರಣ ಚಿಹ್ನೆಯೊಳಗೆ ಅದರ ಅರ್ಥ ಕುಳಿತಿರುತ್ತದೆ. ಆ ಪದಗಳಲ್ಲಿ ಒಂದೂ ಸುಳ್ಳಲ್ಲ, ಎಲ್ಲವೂ ನಮ್ಮ ಊರಿನವೇ. ಆದರೂ ಆ ಅಜ್ಜಿಗೆ ಜೀವವಿಲ್ಲ.

ಬರೆದವರಿಗೆ ಇದು ಗೊತ್ತಾಗುತ್ತದೆ. ಇನ್ನೂ ನಾಲ್ಕು ಪದ ಸೇರಿಸಿದರೆ ಸರಿಹೋದೀತು ಎಂದು ಸೇರಿಸುತ್ತಾರೆ, ಕತೆ ಮತ್ತಷ್ಟು ಕೆಡುತ್ತದೆ. ಕೊರತೆ ಇರುವುದು ಪದಗಳ ಸಂಖ್ಯೆಯಲ್ಲಿ ಅಲ್ಲ, ಕೆಲಸ ಮಾಡಿದ ಕ್ರಮದಲ್ಲಿ. ಹೆಚ್ಚಿನವರು ಮೊದಲು ಪದವನ್ನು ಹಿಡಿಯುತ್ತಾರೆ, ಆಮೇಲೆ ಅರ್ಥವನ್ನು ಹುಡುಕುತ್ತಾರೆ, ಕೊನೆಗೆ ಅದನ್ನು ಹೇಳಲು ಒಂದು ಪಾತ್ರವನ್ನು ನಿಲ್ಲಿಸುತ್ತಾರೆ. ಹಳೆಯ ತಮಾಷೆಯ ಪದ, ನಮ್ಮ ಮಾತಿನಲ್ಲಿ ಕುಶಾಲು ಪದ, ಇಬ್ಬರು ಮನುಷ್ಯರ ನಡುವಿನ ಸಲುಗೆಯಲ್ಲಿ ಹುಟ್ಟಿದ್ದು. ಮೊದಲು ಆ ಸಲುಗೆಯನ್ನು ಹಿಡಿಯಬೇಕು, ಅರ್ಥದ ಸರದಿ ಆಮೇಲೆ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಹಾರಿಸಿದರೆ ಮುಂದಿನದು ನಿಲ್ಲುವುದಿಲ್ಲ.

ಬೇಕಾಗುವ ಸಾಮಾನು

ಅಂಗೈಯಗಲದ ದಪ್ಪ ಕಾಗದದ ಚೀಟಿಗಳು, ಒಂದು ಪೆನ್ಸಿಲ್, ಧ್ವನಿ ಮುದ್ರಿಸಬಲ್ಲ ಮೊಬೈಲ್. ಚೀಟಿಯೇ ಏಕೆ, ನೋಟ್‌ಬುಕ್ ಸಾಲದೇ ಎಂದು ಕೇಳುತ್ತಾರೆ. ಚೀಟಿಗಳನ್ನು ಮೇಜಿನ ಮೇಲೆ ಹರಡಿ ಹೇಳಿದವರ ಪ್ರಕಾರ, ಕೇಳಿದವರ ಪ್ರಕಾರ, ಸಂದರ್ಭದ ಪ್ರಕಾರ ಬೇರೆ ಬೇರೆಯಾಗಿ ಜೋಡಿಸಿ ನೋಡಬಹುದು. ನೋಟ್‌ಬುಕ್ಕಿನಲ್ಲಿ ಪದಗಳು ನೀವು ಕೇಳಿದ ದಿನಾಂಕಕ್ಕೆ ಅಂಟಿಕೊಂಡೇ ಉಳಿಯುತ್ತವೆ.

ನಿಘಂಟುಗಳು ಕನಿಷ್ಠ ಮೂರು ಬೇಕು: ಕಿಟ್ಟೆಲ್ ಅವರ ಕನ್ನಡ ನಿಘಂಟು (1894), ಮ್ಯಾನರ್ ಅವರ ತುಳು ನಿಘಂಟು (1886), ಗುಂಡರ್ಟ್ ಅವರ ಮಲಯಾಳಂ ನಿಘಂಟು (1872). ಮೂರೂ ಅಂತರ್ಜಾಲದಲ್ಲಿ ಓದಲು ಸಿಗುತ್ತವೆ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಹತ್ತಿರದ ಗ್ರಂಥಾಲಯದಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಆದರೆ ನಾಲ್ಕನೆಯ ಹಂತದ ತನಕ ಇವುಗಳನ್ನು ತೆರೆಯಬೇಡಿ.

ಹಂತ 1: ಕೇಳುವ ಜಾಗವನ್ನು ಆರಿಸಿಕೊಳ್ಳಿ

ಅಜ್ಜಿಯ ಎದುರು ಕುಳಿತು “ಹಳೆಯ ಪದಗಳನ್ನು ಹೇಳಿ” ಎಂದರೆ ಅವರು ಗಾದೆ ಹೇಳುತ್ತಾರೆ. ಇಲ್ಲವೇ ನಿಮ್ಮ ಮರ್ಯಾದೆಗಾಗಿ ಪುಸ್ತಕದ ಕನ್ನಡವನ್ನು ಆಡುತ್ತಾರೆ. ಕುಶಾಲು ಪದ ಬರುವುದು ಕೈಯಲ್ಲಿ ಕೆಲಸ ಇರುವಾಗ, ಮನಸ್ಸು ಮಾತಿನ ಮೇಲೆ ಇಲ್ಲದಾಗ. ಒಣಗಿದ ಅಡಿಕೆಯನ್ನು ಸುಲಿಯುವ ಸಂಜೆ, ಮದುವೆಯ ಹಿಂದಿನ ರಾತ್ರಿ ಹತ್ತಾರು ಜನ ಸೇರಿ ತರಕಾರಿ ಹೆಚ್ಚುವ ಚಪ್ಪರ, ಹಪ್ಪಳ ಒತ್ತುವ ಬೇಸಿಗೆಯ ಮಧ್ಯಾಹ್ನ, ಕುಂಬಳೆ ಬೆಡಿಗೆ, ಅಂದರೆ ಜಾತ್ರೆಯ ಸುಡುಮದ್ದು ನೋಡಲು, ಹೋಗಿ ಮರಳುವ ಜೀಪು. ಇಂಥ ಜಾಗಗಳಲ್ಲಿ ನೀವೂ ಒಂದು ಕತ್ತಿ ಹಿಡಿದು ಕುಳಿತುಕೊಳ್ಳಿ. ಕೆಲಸ ಮಾಡದೆ ಸುಮ್ಮನೆ ಕೇಳುತ್ತ ಕೂತವರ ಎದುರು ಯಾರೂ ಬಾಯಿ ಬಿಡುವುದಿಲ್ಲ.

ಅಡಿಕೆ ಸುಲಿಯುವ ಯಂತ್ರ ಬಂದ ಮನೆಗಳಲ್ಲಿ ಆ ಜಗಲಿಯ ಮಾತು ನಿಂತಿದೆ. ಹಾಗಾಗಿ ಈ ಕೆಲಸವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ ಎಂದು ನಾನು ಎಲ್ಲರನ್ನೂ ಬೇಡಿಕೊಳ್ಳುತ್ತೇನೆ.

ಯಕ್ಷಗಾನದ ಮತ್ತು ವೇಷವಿಲ್ಲದೆ ಕುಳಿತು ಮಾತಿನಲ್ಲಿಯೇ ನಡೆಸುವ ತಾಳಮದ್ದಳೆಯ ಹಾಸ್ಯಗಾರನ ಮಾತಿನಲ್ಲಿಯೂ ಇಂಥ ಪದಗಳು ಯಥೇಚ್ಛವಾಗಿ ಸಿಗುತ್ತವೆ. ಆದರೆ ಅದು ಸಭೆಯನ್ನು ನಗಿಸಲು ಹದಗೊಳಿಸಿದ ಮಾತು, ಅಡುಗೆಮನೆಯ ಮಾತಲ್ಲ. ಅವುಗಳನ್ನು ಬೇರೆ ಬಣ್ಣದ ಚೀಟಿಯಲ್ಲಿ ಬರೆದುಕೊಳ್ಳಿ. ಎರಡನ್ನೂ ಬೆರೆಸಿದವರ ಕತೆಯಲ್ಲಿ ಅಡುಗೆಮನೆಯ ಅಜ್ಜಿ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಯ ಹಾಗೆ ಮಾತನಾಡುತ್ತಾಳೆ.

ಮೊಬೈಲಿನಲ್ಲಿ ಮುದ್ರಿಸುವುದಾದರೆ ಹೇಳಿಯೇ ಮುದ್ರಿಸಿ. ಮೊದಲ ಕಾಲು ಗಂಟೆ ಎಲ್ಲರೂ ಬಿಗಿಯಾಗಿರುತ್ತಾರೆ, ಆಮೇಲೆ ಮರೆಯುತ್ತಾರೆ.

ಹಂತ 2: ಪದವನ್ನು ಬಿಡಿ, ಮಾತನ್ನು ಬರೆದುಕೊಳ್ಳಿ

ಚೀಟಿಯಲ್ಲಿ “ಪಿರ್ಕಿ ಎಂದರೆ ತಿಕ್ಕಲು” ಎಂದು ಬರೆದರೆ ಆ ಚೀಟಿಯನ್ನು ಎಸೆದಂತೆಯೇ. ಇಡೀ ವಾಕ್ಯವನ್ನು ಬರೆಯಿರಿ. ಅದಕ್ಕಿಂತ ಮುಖ್ಯವಾಗಿ, ಅದರ ಮುಂದಿನ ಮಾತನ್ನು ಬರೆಯಿರಿ: ಹೇಳಿಸಿಕೊಂಡವರು ಏನು ಮಾಡಿದರು? ನಕ್ಕರೇ, ಅದೇ ಪದವನ್ನು ತಿರುಗಿಸಿ ಎಸೆದರೇ, ಮಾತು ಬದಲಾಯಿಸಿದರೇ, ಎದ್ದು ಹೋದರೇ? ಒಂದು ಪದ ಕುಶಾಲೋ ಬೈಗುಳವೋ ಎನ್ನುವುದನ್ನು ತೀರ್ಮಾನಿಸುವುದು ಹೇಳಿದವರ ಬಾಯಲ್ಲ, ಕೇಳಿದವರ ಮುಖ.

ಚೀಟಿಯಲ್ಲಿ ಐದು ಸಾಲು ಇರಲಿ: ಹೇಳಿದ ವಾಕ್ಯ, ಹೇಳಿದವರು ಮತ್ತು ಕೇಳಿದವರ ಸಂಬಂಧ, ಅಲ್ಲಿದ್ದ ಮೂರನೆಯವರು, ಮುಂದಿನ ಮಾತು, ಹೇಳುವಾಗ ಕೈಯಲ್ಲಿದ್ದ ಕೆಲಸ. ಹೆಸರುಗಳನ್ನು ಬರೆಯಬೇಡಿ, “ಅತ್ತೆ ಸೊಸೆಗೆ, ಮಾವ ಒಳಗಿದ್ದರು” ಎಂದರೆ ಸಾಕು.

ಅಪಾಯದ ಸೂಚನೆ: ಒಂದೇ ಸಂಜೆಯಲ್ಲಿ ಇಪ್ಪತ್ತು ಚೀಟಿ ತುಂಬಿದರೆ ನೀವು ಮತ್ತೆ ಪದಗಳ ಬೆನ್ನು ಹತ್ತಿದ್ದೀರಿ. ನಾಲ್ಕು ಚೀಟಿ ಸಿಕ್ಕಿದ ಸಂಜೆ ಒಳ್ಳೆಯ ಸಂಜೆ.

ಹಂತ 3: ಮುಳ್ಳನ್ನು ಮುಟ್ಟಿ ನೋಡಿ

ಎಲ್ಲ ತಮಾಷೆಯ ಪದಕ್ಕೂ ಒಂದು ಮುಳ್ಳು ಇರುತ್ತದೆ. ಅದು ಯಾರಿಗೆ ಚುಚ್ಚುವುದಿಲ್ಲ, ಯಾರಿಗೆ ಚುಚ್ಚುತ್ತದೆ ಎಂದು ತಿಳಿಯದೆ ಬರೆಯುವುದು ಈ ಇಡೀ ಕೆಲಸದಲ್ಲಿ ಅತ್ಯಂತ ದೊಡ್ಡ ತಪ್ಪು. ಆ ತಪ್ಪನ್ನು ನಾನು ಮಾಡಿದ್ದೇನೆ.

ಬಹಳ ವರ್ಷಗಳ ಹಿಂದೆ ಬರೆದ ಒಂದು ಕತೆಯಲ್ಲಿ, ಕೇಳಿದ್ದಕ್ಕೆ ಉತ್ತರ ಕೊಡದೆ ನಿಂತ ಹುಡುಗನೊಬ್ಬನನ್ನು ನಿರೂಪಕನೇ “ಪೊಟ್ಟ” ಎಂದು ಕರೆಯುತ್ತಾನೆ. ನಮ್ಮ ಮನೆಯಲ್ಲಿ ಅದು ದಿನಕ್ಕೆ ಹತ್ತು ಬಾರಿ ಕೇಳುವ ಮಾತು, ಪೆದ್ದ ಎಂಬಷ್ಟೇ ಅರ್ಥ. ನೆರೆಮನೆಯ ತಾಯಿಯೊಬ್ಬರು ಆ ಕತೆಯನ್ನು ಓದಿದರು. ಅವರ ಮಗನಿಗೆ ಮಾತು ಬಾರದು, ಕಿವಿ ಕೇಳದು. ಊರಿನ ಮಕ್ಕಳು ಅವನನ್ನು ಕರೆಯುತ್ತಿದ್ದದ್ದು ಅದೇ ಪದದಿಂದ. ಅವರು ನನ್ನನ್ನು ಬೈಯಲಿಲ್ಲ. “ನೀವೂ ಹಾಗೆಯೇ ಬರೆದಿರಲ್ಲ” ಎಂದಷ್ಟೇ ಹೇಳಿದರು. ಅಂದಿನಿಂದ ಪ್ರತಿ ಚೀಟಿಯ ಹಿಂದೆಯೂ ಮೂರು ಪ್ರಶ್ನೆ ಬರೆದು ಉತ್ತರಿಸಿಕೊಳ್ಳುತ್ತೇನೆ.

ಮೊದಲ ಪ್ರಶ್ನೆ, ಇದನ್ನು ಕಿರಿಯರು ಹಿರಿಯರಿಗೆ ಹೇಳಬಹುದೇ? “ಕಳ್ಳ” ಎಂದು ಅಜ್ಜ ಮೊಮ್ಮಗನನ್ನು ಎತ್ತಿಕೊಳ್ಳಬಹುದು, ಮೊಮ್ಮಗ ಅಜ್ಜನನ್ನು ಹಾಗೆ ಕರೆದರೆ ಅದು ಬೇರೆಯೇ ಕತೆಯಾಗುತ್ತದೆ. ಹಲವು ಕುಶಾಲು ಪದಗಳು ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುತ್ತವೆ. ಭಾವ-ಮೈದುನರ ನಡುವೆ, ಓರಗೆಯವರ ನಡುವೆ ಎರಡೂ ಕಡೆಗೆ ಓಡಾಡುವ ಪದಗಳು ಬೇರೆ ಇವೆ. ಚೀಟಿಯಲ್ಲಿ ಬಾಣದ ಗುರುತು ಹಾಕಿ ಇಟ್ಟುಕೊಳ್ಳಿ.

ಎರಡನೆಯದು, ಇದನ್ನು ತನಗೆ ತಾನೇ ಹೇಳಿಕೊಳ್ಳಬಹುದೇ? ತನ್ನನ್ನೇ ಕರೆದುಕೊಂಡಾಗ ಮುಳ್ಳು ಮೃದುವಾಗುತ್ತದೆ. 1943ರಲ್ಲಿ ಪ್ರಕಟವಾದ ಡಿ.ವಿ.ಜಿ. ಅವರ ‘ಮಂಕುತಿಮ್ಮನ ಕಗ್ಗ’ದ ಹೆಸರನ್ನೇ ನೋಡಿ. ಮಂಕು ಎಂದರೆ ದಡ್ಡತನ, ಕಗ್ಗ ಎಂದರೆ ಹುರುಳಿಲ್ಲದ ಉದ್ದ ಮಾತು. ಎರಡೂ ಹೀಗಳೆಯುವ ಪದಗಳು. ಕವಿ ಅವನ್ನು ತನ್ನ ಕಡೆಗೆ ತಿರುಗಿಸಿಕೊಂಡದ್ದರಿಂದ ಅವು ಓದುಗನ ಪಕ್ಕದಲ್ಲಿ ಕುಳಿತು ಮಾತನಾಡುತ್ತವೆ. ಅದೇ ಮಂಕು ಎಂಬ ಪದವನ್ನು ಓದುಗನ ಮೇಲೆ ಎಸೆದಿದ್ದರೆ ಪುಸ್ತಕದ ದನಿಯೇ ಬೇರೆಯಾಗುತ್ತಿತ್ತು.

ಮೂರನೆಯದು, ಈ ಪದ ಯಾರ ದೇಹದಿಂದ, ಯಾರ ಜಾತಿಯಿಂದ, ಯಾರ ಕಸುಬಿನಿಂದ ಬಂದಿದೆ? ಜಾತಿಯ ಹೆಸರನ್ನೇ ಬೈಗುಳವಾಗಿ ತಿರುಗಿಸಿದ ಪದಗಳು ಹಳೆಯ ಮಾತಿನಲ್ಲಿ ಬೇಕಾದಷ್ಟಿವೆ. “ಆಗ ಎಲ್ಲರೂ ಹಾಗೆಯೇ ಹೇಳುತ್ತಿದ್ದರು” ಎನ್ನುವುದು ಉತ್ತರವಲ್ಲ. ಹೇಳಿಸಿಕೊಂಡವರು ಆಗಲೂ ಇದ್ದರು. ಅಂಥ ಪದ ನಿರೂಪಕನ ಬಾಯಲ್ಲಿ ಬರಲೇಬಾರದು. ಪಾತ್ರದ ಬಾಯಲ್ಲಿ ಬರುವುದಾದರೆ ಆ ಗಾಯವನ್ನು ಕತೆ ಕಂಡಿರಬೇಕು.

ಪೊಟ್ಟ ಎಂಬ ಪದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ಮುಖ ಇದೆ. ತೆಯ್ಯಂ ಎಂದರೆ ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ; ಜಿಲ್ಲೆಯ ದಕ್ಷಿಣ ಭಾಗದಲ್ಲಿ ಕಟ್ಟುವ ಪೊಟ್ಟನ್ ತೆಯ್ಯಂನಲ್ಲಿ ದೈವವೇ ಪೆದ್ದನ ವೇಷದಲ್ಲಿ ಬಂದು ಶಂಕರಾಚಾರ್ಯರ ಎದುರು ನಿಂತು, ನಿನ್ನನ್ನು ಕೊಯ್ದರೂ ನನ್ನನ್ನು ಕೊಯ್ದರೂ ಬರುವ ರಕ್ತ ಒಂದೇ ಅಲ್ಲವೇ ಎಂಬ ಅರ್ಥದ ಪ್ರಶ್ನೆ ಕೇಳುತ್ತದೆ. ಒಂದೇ ಪದ ಒಂದು ಅಂಗಳದಲ್ಲಿ ಗಾಯ, ಇನ್ನೊಂದು ಅಂಗಳದಲ್ಲಿ ಜಾತಿಯನ್ನು ಪ್ರಶ್ನಿಸುವ ದೈವದ ಹೆಸರು. ಇದನ್ನು ತಿಳಿದು ಬರೆದವರ ಕತೆಯಲ್ಲಿ ಆ ಪದ ಎಷ್ಟು ದೂರ ಹೋಗಬಲ್ಲದು ಎಂದು ಯೋಚಿಸಿ.

ಹಂತ 4: ಈಗ ನಿಘಂಟನ್ನು ತೆರೆಯಿರಿ

ನಿಘಂಟನ್ನು ಅರ್ಥಕ್ಕಾಗಿ ನೋಡಬೇಡಿ. ಅರ್ಥ ನಿಮ್ಮ ಚೀಟಿಯಲ್ಲಿ ಆಗಲೇ ಇದೆ. ನಿಘಂಟು ಬೇಕಿರುವುದು, ನಮ್ಮ ಊರಿನ ಹೊರಗೆ ಇದೇ ಪದ ಏನು ಹೇಳುತ್ತದೆ ಎಂದು ತಿಳಿಯಲು.

“ಲೂಟಿ” ಎಂದರೆ ನಮ್ಮಲ್ಲಿ ಮಕ್ಕಳ ತುಂಟತನ. “ಬಹಳ ಲೂಟಿ ಹುಡುಗ” ಎಂದು ತಾಯಿ ಹೆಮ್ಮೆಯಿಂದಲೇ ದೂರುತ್ತಾಳೆ. ಧಾರವಾಡದ ಓದುಗನಿಗೆ ಅದು ದರೋಡೆ. “ಪಾಪದವನು” ಎಂದರೆ ನಮ್ಮಲ್ಲಿ ಏನೂ ಅರಿಯದ ಮುಗ್ಧ, ಯಾರಿಗೂ ಕೇಡು ಬಗೆಯದವನು. ಮಲಯಾಳಂನ “ಪಾವಂ” ಕೂಡ ಇದೇ ದಾರಿಯಲ್ಲಿ ನಡೆದ ಪದ. ಘಟ್ಟದ ಮೇಲಿನವರು “ಪಾಪದವನು” ಎಂದು ಓದಿದರೆ ಪಾಪ ಮಾಡಿದವನು ಎಂದುಕೊಂಡಾರು. “ಕುಶಾಲು” ಪಾರಸಿಯಿಂದ ಬಂದ ಪದ, ಸಂತೋಷದ ಸ್ಥಿತಿ ಎಂಬುದು ಮೂಲದ ಅರ್ಥ. ಮೈಸೂರಿನಲ್ಲಿ ದಸರೆಗೆ ಕುಶಾಲು ತೋಪು ಹಾರಿಸುತ್ತಾರೆ, ಅಲ್ಲಿ ಅದು ಸಂಭ್ರಮ. ನಮ್ಮಲ್ಲಿ “ಕುಶಾಲಿಗೆ ಹೇಳಿದೆ” ಎಂದರೆ ತಮಾಷೆಗೆ ಹೇಳಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು. ಗಡಿಯ ಈಚೆ ಇನ್ನೊಂದು ತೊಡಕೂ ಇದೆ. ಕನ್ನಡದಲ್ಲಿ “ಕೈ ಕೊಟ್ಟ” ಎಂದರೆ ಮೋಸ ಮಾಡಿದ. ಮಲಯಾಳಂನಲ್ಲಿ ಕೈ ಕೊಡುವುದು ಎಂದರೆ ಕೈಕುಲುಕುವುದು. ಎರಡೂ ಭಾಷೆಯ ಪಾತ್ರಗಳಿರುವ ಕತೆಯಲ್ಲಿ ಇದನ್ನು ನೋಡದೆ ಬಿಟ್ಟರೆ ಓದುಗ ದಾರಿ ತಪ್ಪುತ್ತಾನೆ, ನೋಡಿ ಬಳಸಿದರೆ ಅದೇ ಒಂದು ಪ್ರಸಂಗವಾಗುತ್ತದೆ.

ಇಂಥ ಎರಡು ಮುಖದ ಪದದ ಚೀಟಿಗೆ ಕೆಂಪು ಗುರುತು ಹಾಕಿ. ಅವನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಕತೆಯಲ್ಲಿ ಅವುಗಳಿಗೆ ಹೆಚ್ಚು ಜಾಗ ಬೇಕು ಎಂಬ ಗುರುತು ಅದು.

ನಿಘಂಟು ಮೌನವಾಗಿರುವ ಕಡೆಯೂ ಇದೆ. ಆಟದಿಂದ, ಅಂದರೆ ಯಕ್ಷಗಾನದಿಂದ, ಮನೆಗೆ ಬಂದ ಪದಗಳು ಅಂಥವು. ನಮ್ಮದು ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಸೀಮೆ. ಸಭೆಗೆ ತಡವಾಗಿ, ಎಲ್ಲರೂ ತಿರುಗಿ ನೋಡುವ ಹಾಗೆ ಬಂದವರನ್ನು “ಒಡ್ಡೋಲಗ ಆಯಿತು” ಎಂದು ಹಿರಿಯರು ಹಾಸ್ಯ ಮಾಡುತ್ತಾರೆ. ಮುಗಿಯದ ಮಾತನ್ನು ನಿಲ್ಲಿಸಲು, ಆಟದ ಕೊನೆಯ ಹಾಡನ್ನು ನೆನೆದು, “ಮಂಗಳ ಹಾಡು” ಎನ್ನುತ್ತಾರೆ. ನಿಘಂಟಿನಲ್ಲಿ ಒಡ್ಡೋಲಗ ಎಂದರೆ ರಾಜಸಭೆ ಎಂದಷ್ಟೇ ಸಿಕ್ಕೀತು. ಆಟದಲ್ಲಿ ಅದು ವೇಷಗಳ ವೈಭವದ ಮೊದಲ ಪ್ರವೇಶ. ಆ ನಗೆ ಹುಟ್ಟುವುದು ಪರದೆ, ಚೆಂಡೆ, ಕಿರೀಟ ನೆನಪಿಗೆ ಬಂದಾಗ. “ಕೋಡಂಗಿ”ಯೂ ಹಾಗೆಯೇ. “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬ ಗಾದೆಯಿಂದ ಅದನ್ನು ತಿಳಿದವನಿಗೆ ಕೋಡಂಗಿ ಎಂದರೆ ಮೂರ್ಖ ಅಷ್ಟೇ. ಪೂರ್ವರಂಗದಲ್ಲಿ, ಅಂದರೆ ಆಟದ ಕತೆ ಶುರುವಾಗುವ ಮೊದಲು, ಕುಣಿಯುವ ಕೋಡಂಗಿ ವೇಷದ ಹುಡುಗರನ್ನು ನಿದ್ದೆಗಣ್ಣಿನಲ್ಲಿ ನೋಡಿ ಬೆಳೆದವನಿಗೆ ಆ ಪದಕ್ಕೆ ಮುಖವಿದೆ, ಹೆಜ್ಜೆಯಿದೆ. ನಿಮ್ಮ ಪಾತ್ರ ಇವರಲ್ಲಿ ಯಾರು ಎಂದು ನಿರ್ಧರಿಸಿ.

ಹಂತ 5: ಪದದ ವಯಸ್ಸನ್ನು ತಿಳಿದುಕೊಳ್ಳಿ

ಒಂದೇ ಮನೆಯ ಮೂರು ತಲೆಮಾರಿನವರಿಗೆ ಚೀಟಿಯ ವಾಕ್ಯವನ್ನು ಓದಿ ಹೇಳಿ. ಅಜ್ಜಿ ಆಡುವ, ತಾಯಿಗೆ ಅರ್ಥವಾಗುವ, ಮಗಳಿಗೆ ಹೊಸದೆನಿಸುವ ಪದವೇ ಹಳೆಯ ಪದ. ಮೂವರೂ ಆಡುವುದಾದರೆ ಅದು ಇಂದಿನ ಪದ. ಅದನ್ನು ಹಳೆಯದೆಂದು ಮೆರೆಸಬೇಡಿ. “ಮಾರಾಯ”ವನ್ನು ಹಳೆಯ ಕಾಲದ ಗುರುತಾಗಿ ಬಳಸಿದವರನ್ನು ಕಂಡಿದ್ದೇನೆ, ಅದು ಇವತ್ತಿನ ಬೆಳಿಗ್ಗೆಯೂ ಬಸ್ಸಿನಲ್ಲಿ ಕೇಳಿದ ಮಾತು.

ಪದದ ಹೊಟ್ಟೆಯಲ್ಲಿ ಒಂದು ವಸ್ತು ಇದ್ದರೆ ಕಾಲವನ್ನು ಇನ್ನೂ ಚೆನ್ನಾಗಿ ಹಿಡಿಯಬಹುದು. “ಹದಿನಾರಾಣೆ ಸತ್ಯ” ಎಂಬ ಮಾತಿಗೆ ರೂಪಾಯಿಗೆ ಹದಿನಾರು ಆಣೆ ಇದ್ದ ಲೆಕ್ಕ ಬೇಕು, 1957ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬಂದ ಮೇಲೆ ಅದು ನೆನಪಿನ ಮಾತಾಯಿತು. ಸುಳ್ಳು ಹೇಳುವುದಕ್ಕೆ “ರೈಲು ಬಿಡುವುದು” ಎನ್ನುತ್ತಾರೆ. ಕಾಸರಗೋಡನ್ನು ಹಾದು ರೈಲು ಮಂಗಳೂರು ಮುಟ್ಟಿದ್ದು 1907ರಲ್ಲಿ. ಅದಕ್ಕೂ ಹಿಂದಿನ ಕಾಲದ ಕತೆ ಬರೆಯುವವರು ಆ ಮಾತನ್ನು ಮುಟ್ಟಬಾರದು.

ಹಂತ 6: ಬಾಯಿ ಯಾವ ಮನೆಯದು ಎಂದು ನಿರ್ಧರಿಸಿ

ಇದು ಗಡಿಯ ಬರಹಗಾರರಿಗೆ ಮಾತ್ರ ಬರುವ ಕಷ್ಟ. ನಮ್ಮ ಒಂದು ಅಂಗಳದಲ್ಲಿ ಹವ್ಯಕ ಕನ್ನಡ, ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಕರಾಡ ಮರಾಠಿ ಎಲ್ಲವೂ ಕೇಳುತ್ತವೆ. ಒಂದೇ ಪದ ಮನೆ ಬದಲಾದಂತೆ ಬಾಲ ಬದಲಾಯಿಸುತ್ತದೆ. ಪೊಟ್ಟ ಎಂದರೆ ಕನ್ನಡದ ಬಾಯಿ, ಪೊಟ್ಟೆ ಎಂದರೆ ತುಳುವಿನ ಬಾಯಿ, ಪೊಟ್ಟನ್ ಎಂದರೆ ಮಲಯಾಳಂ ಬಾಯಿ. ಕೊನೆಯ ಒಂದು ಅಕ್ಷರ ಪಾತ್ರದ ಮನೆಯ ವಿಳಾಸವನ್ನು ಹೇಳುತ್ತದೆ. ಅದನ್ನು ಶುದ್ಧಗೊಳಿಸಲು ಹೋಗಬೇಡಿ.

ಪಾತ್ರ ನಿಜವಾಗಿ ತುಳುವನ್ನೋ ಮಲಯಾಳಂ ಅನ್ನೋ ಆಡುವುದಾದರೆ ಇಡೀ ಸಂಭಾಷಣೆಯನ್ನು ಆ ಭಾಷೆಯಲ್ಲಿ ಬರೆಯಬೇಕೇ? ಬೇಕಿಲ್ಲ. ತುಳುನಾಡಿನಲ್ಲಿ ನಡೆಯುವ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮ ಮಾತನಾಡುವುದು ಕನ್ನಡದಲ್ಲಿ. ಆದರೂ ಅವನು ಯಾವ ನೆಲದವನು ಎಂಬ ಸಂಶಯ ಓದುಗನಿಗೆ ಬರುವುದಿಲ್ಲ. ನನ್ನ ಸಲಹೆ: ವಾಕ್ಯದ ಮೈ ಕನ್ನಡವಾಗಿರಲಿ, ಬೇರೆ ಪದದಲ್ಲಿ ಹೇಳಲಾಗದ ಒಂದು ಪದ ಮಾತ್ರ ಇದ್ದಂತೆಯೇ ಬರಲಿ.

ಇದಕ್ಕೆ ಪೂರ್ತಿ ಎದುರಾದ ದಾರಿಯೂ ಇದೆ. ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಆದಿಯಿಂದ ಕೊನೆಯ ತನಕ ರತ್ನನ ಬಾಯಿಯ ಮಾತು, ಶಿಷ್ಟ ಕನ್ನಡಕ್ಕೆ ಅಲ್ಲಿ ಬಾಗಿಲೇ ಇಲ್ಲ. ಅದೂ ನಿಲ್ಲುತ್ತದೆ. ನಿಲ್ಲದೇ ಇರುವುದು ಎರಡರ ನಡುವಿನ ತೊಯ್ದಾಟ: ಒಂದು ವಾಕ್ಯ ಪಠ್ಯಪುಸ್ತಕದ್ದು, ಮುಂದಿನದು ಅಂಗಳದ್ದು, ಅದೇ ಬಾಯಲ್ಲಿ, ಕಾರಣವಿಲ್ಲದೆ.

ಹಂತ 7: ಕತೆಯೊಳಗೆ ನೆಡುವುದು

ಎರಡು ಸಾವಿರ ಪದಗಳ ಕತೆಗೆ ಮೂರು ಕುಶಾಲು ಪದ ಸಾಕು, ಐದು ಹೆಚ್ಚು. ಹತ್ತು ಪದವನ್ನು ಒಂದೊಂದು ಸಲ ತರುವ ಬದಲು ಒಂದೇ ಪದವನ್ನು ಮೂರು ಸಲ ತನ್ನಿ. ಮೊದಲ ಸಲ ಸಂದರ್ಭವೇ ಅರ್ಥವನ್ನು ಹೇಳಬೇಕು. ಎರಡನೆಯ ಸಲ ಓದುಗ ಅದನ್ನು ಗುರುತು ಹಿಡಿಯಬೇಕು. ಮೂರನೆಯ ಸಲ ಅದು ಮೊದಲು ಹೊತ್ತಿದ್ದಕ್ಕಿಂತ ಹೆಚ್ಚನ್ನು ಹೊರಬೇಕು.

ಸಾಮಾನ್ಯವಾಗಿ ನನ್ನ ಕೈಗೆ ಬರುವುದು ಇಂಥದ್ದು:

“ಬಾರೋ ಲೂಟಿ (ತುಂಟ)! ಲೊಟ್ಟೆ (ಸುಳ್ಳು) ಹೇಳಿ ನನ್ನ ಮಂಡೆ (ತಲೆ) ಬೆಚ್ಚ ಮಾಡಬೇಡ. ಪಟ್ಟಾಂಗ (ಹರಟೆ) ಸಾಕು!” ಎಂದು ಅಜ್ಜಿ ತಮಾಷೆಯಾಗಿ ಹೇಳಿದಳು.

ಇಲ್ಲಿ ನಾಲ್ಕು ಪದ ಇದೆ, ಘಟನೆ ಇಲ್ಲ. ಆವರಣ ಚಿಹ್ನೆ ಬಂದ ಕೂಡಲೇ ಅಜ್ಜಿಯ ಮಾತು ನಿಂತು ಲೇಖಕ ಮಾತನಾಡಲು ಶುರು ಮಾಡುತ್ತಾನೆ. “ತಮಾಷೆಯಾಗಿ” ಎಂದು ಹೇಳಬೇಕಾಯಿತು ಎಂದರೆ ತಮಾಷೆ ಮಾತಿನಲ್ಲಿ ಇಲ್ಲ ಎಂದೇ ಅರ್ಥ. ಇದರಲ್ಲಿ “ಲೊಟ್ಟೆ”ಯನ್ನು, ಜೊತೆಗೆ “ಮಂಡೆ”ಯನ್ನು ಮಾತ್ರ ಇಟ್ಟುಕೊಂಡು ಬರೆದು ನೋಡೋಣ:

ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಸಡಿಲವಾಗಿತ್ತು. ಅಜ್ಜಿ ಭರಣಿಯನ್ನು ನೋಡಿದರು, ಮೊಮ್ಮಗನ ಕೆಂಪು ಬೆರಳನ್ನು ನೋಡಿದರು.
“ಬೆಕ್ಕು ಬಂದಿತ್ತು” ಎಂದ ಅವನು.
“ಬೆಕ್ಕಿಗೆ ಮಿಡಿ ಮಾವು ಬೇಕಾಯಿತೇ? ಲೊಟ್ಟೆ ಹೇಳುವುದಕ್ಕೂ ಸ್ವಲ್ಪ ಮಂಡೆ ಬೇಕು” ಎನ್ನುತ್ತ ಅಜ್ಜಿ ಸೆರಗಿನಲ್ಲಿ ಅವನ ಕೈ ಒರೆಸಿದರು.

ಕಾಸರಗೋಡನ್ನು ನಕ್ಷೆಯಲ್ಲಿಯೂ ನೋಡದ ಓದುಗನಿಗೆ ಈಗ ಲೊಟ್ಟೆ ಎಂದರೆ ಏನು, ಮಂಡೆ ಎಂದರೆ ಏನು ಎಂದು ತಿಳಿಯಿತು. ಅಜ್ಜಿ ಸಿಟ್ಟಾಗಿಲ್ಲ ಎಂಬುದನ್ನು ಸೆರಗು ಹೇಳಿತು. ಕತೆಯ ನಡುವೆ ಹುಡುಗ ಶಾಲೆಯಲ್ಲಿ ಗೆಳೆಯನಿಗೆ ಇದೇ ಮಾತನ್ನು ಹಿರಿಯನ ಗತ್ತಿನಲ್ಲಿ ಹೇಳಲಿ. ಇದು ಎರಡನೆಯ ಸಲ. ಕೊನೆಗೆ, ವರ್ಷಗಳು ಕಳೆದ ಮೇಲೆ, ಆಸ್ಪತ್ರೆಯ ಮಂಚದ ಪಕ್ಕ ನಿಂತ ಮೊಮ್ಮಗ ಹೇಳುತ್ತಾನೆ:

“ಎರಡು ದಿನದಲ್ಲಿ ಮನೆಗೆ ಹೋಗಬಹುದಂತೆ ಅಜ್ಜಿ.”
ಅಜ್ಜಿ ಅವನ ಮುಖವನ್ನೇ ನೋಡುತ್ತ ಇದ್ದರು. “ಲೊಟ್ಟೆ ಹೇಳುವುದಕ್ಕೂ...” ಎಂದರು. ಸೆರಗು ಹುಡುಕಿದ ಕೈಗೆ ಆಸ್ಪತ್ರೆಯ ಹೊದಿಕೆ ಸಿಕ್ಕಿತು.

ಈಗ ಲೊಟ್ಟೆ ಎಂಬ ಪದ ತಮಾಷೆಯದೇ, ಆದರೆ ನಗು ಬರುವುದಿಲ್ಲ. ಹಳೆಯ ಕುಶಾಲು ಪದಗಳಿಂದ ಸಾಹಿತ್ಯಕ್ಕೆ ಸಿಗುವ ನಿಜವಾದ ಲಾಭ ಇದು ಎಂದು ನಾನು ನಂಬುತ್ತೇನೆ. ಓದುಗನನ್ನು ನಗಿಸುವುದಕ್ಕಷ್ಟೇ ಅವನ್ನು ಖರ್ಚು ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನಿರೂಪಣೆಯಲ್ಲಿ, ಅಂದರೆ ಪಾತ್ರದ ಬಾಯಿಯ ಹೊರಗೆ, ಈ ಪದಗಳನ್ನು ತರಬಹುದೇ? ನಿರೂಪಕನೂ ಅದೇ ಅಂಗಳದವನಾಗಿದ್ದರೆ ತರಬಹುದು. ಹಾಗಿದ್ದರೆ ಮೊದಲ ಪುಟದಲ್ಲಿಯೇ ತನ್ನಿ. ಹತ್ತು ಪುಟ ಪತ್ರಿಕೆಯ ಕನ್ನಡದಲ್ಲಿ ನಡೆದ ನಿರೂಪಕ ಹನ್ನೊಂದನೆಯ ಪುಟದಲ್ಲಿ “ಪೆದಂಬು” ಎಂದರೆ ಓದುಗನಿಗೆ ಬೇರೆ ಯಾರೋ ಬಂದು ಕುಳಿತಂತೆ ಅನಿಸುತ್ತದೆ.

ಅಪಾಯದ ಸೂಚನೆಗಳು: ಕುಶಾಲು ಪದದ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಬಂದಿದೆ. ಪದಕ್ಕೆ ಉದ್ಧರಣ ಚಿಹ್ನೆಯ ಬೇಲಿ ಹಾಕಿದ್ದೀರಿ. ಕತೆಯಲ್ಲಿ ಬಡವರು ಮತ್ತು ಮುದುಕರು ಮಾತ್ರ ಇಂಥ ಪದ ಆಡುತ್ತಾರೆ, ಮೇಷ್ಟ್ರು ಮತ್ತು ಡಾಕ್ಟರು ಆಡುವುದಿಲ್ಲ. ಕೊನೆಯದು ಬಹಳ ಕೆಟ್ಟ ಸೂಚನೆ. ನಮ್ಮ ಊರಿನ ಡಾಕ್ಟರೂ ಮನೆಗೆ ಬಂದ ಮೇಲೆ ಮಗನಿಗೆ ಲೂಟಿ ಎಂದೇ ಹೇಳುತ್ತಾರೆ.

ಹಂತ 8: ಕಾಗುಣಿತವನ್ನು ಒಮ್ಮೆ ನಿರ್ಧರಿಸಿ

ತುಳುವಿನ ಕೊನೆಯ ಅರೆ ಉಕಾರಕ್ಕೆ ಕನ್ನಡದಲ್ಲಿ ಸರಿಯಾದ ಗುರುತಿಲ್ಲ. ಗಮ್ಮತ್ತ್ ಎಂದು ಬರೆಯುವಿರೋ ಗಮ್ಮತ್ತು ಎಂದು ಬರೆಯುವಿರೋ, ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ. ಕನ್ನಡದ ಪಾತ್ರಕ್ಕೆ ಉಕಾರ, ತುಳುವಿನ ಪಾತ್ರಕ್ಕೆ ಅರ್ಧಾಕ್ಷರ ಎಂದು ಬೇರೆ ಮಾಡಿಕೊಂಡರೆ ಅದಕ್ಕೂ ಒಂದು ಪ್ರಯೋಜನ ಇದೆ.

ಮಲಯಾಳಂನ ೞಕಾರವನ್ನು ಪತ್ರಿಕೆಗಳು ಈಚೆಗೆ ಝ ಎಂದು ಬರೆಯುತ್ತವೆ; ಅದು ಇಂಗ್ಲಿಷ್ ಕಾಗುಣಿತದ ನೆರಳು. ಊರಿನ ಹೆಸರುಗಳಲ್ಲಿ ಅದು ರೂಢಿಯಾಗಿದೆ, ಇರಲಿ. ಆದರೆ ಮನೆಮಾತಿನ ಪದಗಳಿಗೆ ಳ ಬಳಸಿ. ನಮ್ಮ ಕಿವಿಗೆ ಹತ್ತಿರವಾದದ್ದು ಅದೇ.

ಹಂತ 9: ಇಬ್ಬರು ಓದುಗರು

ಕತೆ ಮುಗಿದ ಮೇಲೆ ಇಬ್ಬರಿಗೆ ಕೊಡಿ. ಒಬ್ಬರು ನಿಮ್ಮ ಊರಿನ ಹಿರಿಯರು, ಇನ್ನೊಬ್ಬರು ಘಟ್ಟದ ಮೇಲಿನವರು.

ಹಿರಿಯರಿಗೆ ನೀವೇ ಗಟ್ಟಿಯಾಗಿ ಓದಿ ಹೇಳಿ. ಅವರು ನಗುವ ಜಾಗಕ್ಕಿಂತ ಅವರು ತಡೆಯುವ ಜಾಗವನ್ನು ಗಮನಿಸಿ. “ಹಾಗೆ ಹೇಳುವ ಕ್ರಮ ಇಲ್ಲ” ಎಂದರೆ ವಾದ ಮಾಡದೆ, ಯಾರಿಗೆ ಯಾರು ಹೇಳಿದರೆ ಕ್ರಮ ಎಂದು ಕೇಳಿ. ಬಹಳ ಸಲ ಪದ ಸರಿಯಾಗಿಯೇ ಇರುತ್ತದೆ, ಬಾಯಿ ತಪ್ಪಾಗಿರುತ್ತದೆ. ಪದವನ್ನು ಅಳಿಸುವ ಮೊದಲು ಅದನ್ನು ಇನ್ನೊಂದು ಪಾತ್ರಕ್ಕೆ ಕೊಟ್ಟು ನೋಡಿ.

ಹೊರಗಿನ ಓದುಗರಿಗೆ ಕಾಗದವನ್ನೇ ಕೊಡಿ, ಯಾವ ವಿವರಣೆಯನ್ನೂ ಕೊಡಬೇಡಿ. ಎಲ್ಲಿ ನಿಂತು ಹಿಂದಿನ ಸಾಲಿಗೆ ಹೋದಿರಿ ಎಂದು ಗೆರೆ ಎಳೆಯಲು ಹೇಳಿ. ಪದ ಗೊತ್ತಾಗದೆ ಮುಂದೆ ಹೋದರೆ ತೊಂದರೆ ಇಲ್ಲ, ಮುಂದಿನ ಪುಟದಲ್ಲಿ ಅದು ತೆರೆದುಕೊಂಡೀತು. ನಿಂತ ಜಾಗದಲ್ಲಿ ಮಾತ್ರ ಕೆಲಸ ಇದೆ: ಅರ್ಥವನ್ನು ಬರೆಯಬೇಡಿ, ಅದರ ಮುಂದಿನ ಮಾತನ್ನು ಗಟ್ಟಿ ಮಾಡಿ. ಎರಡನೆಯ ಹಂತದಲ್ಲಿ ಚೀಟಿಯ ನಾಲ್ಕನೆಯ ಸಾಲಿಗೆ ಬರೆದಿಟ್ಟದ್ದು ಈಗ ಕೈಗೆ ಬರುತ್ತದೆ.

ಇಬ್ಬರೂ ಒಂದೇ ಪದದಲ್ಲಿ ತಡೆದರೆ ಆ ಪದವನ್ನು ಕತೆಯಿಂದ ತೆಗೆಯಿರಿ. ಚೀಟಿಯನ್ನು ಮಾತ್ರ ಹರಿಯಬೇಡಿ. ಅದಕ್ಕೆ ಒಪ್ಪುವ ಬಾಯಿ ಈ ಕತೆಯಲ್ಲಿ ಇರಲಿಲ್ಲ, ಅಷ್ಟೇ.